ಉಂಗುರವೂ ರಕ್ಷೆಯೂ: ಮರೆವಿನ ರೋಗದ ಗೃಹಶುಶ್ರೂಷೆಗೆ ಒದಗುವ ಯಂತ್ರಗಳ ವಿಮರ್ಶೆ

ಮುಪ್ಪಿನಲ್ಲಿ ನೆನಪೂ ವಿವೇಕವೂ ಕ್ರಮಕ್ರಮವಾಗಿ ಕುಂದಿ, ಕಡೆಗೆ ಹೆಂಡಿರು ಮಕ್ಕಳ ಗುರುತೂ ಅಳಿದುಹೋಗುವ ವ್ಯಾಧಿಗೆ ವೈದ್ಯರು ಡಿಮೆನ್ಷಿಯಾ ಎಂದು ಹೆಸರಿಟ್ಟಿದ್ದಾರೆ. ಇದು ಒಂದೇ ರೋಗವಲ್ಲ; ಮಿದುಳನ್ನು ಹಿಡಿಯುವ ಹಲವು ರೋಗಗಳ ಲಕ್ಷಣಸಮುದಾಯ. ಅವುಗಳಲ್ಲಿ ಜರ್ಮನಿಯ ವೈದ್ಯನಾದ ಆಲ್ಝೈಮರನು ೧೯೦೬ರಲ್ಲಿ ಮೊದಲು ವರ್ಣಿಸಿದ ರೋಗವೇ ಹೆಚ್ಚಾಗಿ ಕಾಣತಕ್ಕದ್ದು. ಕನ್ನಡದಲ್ಲಿ ಇದಕ್ಕೆ ನೆಲೆಗೊಂಡ ಹೆಸರು ಇನ್ನೂ ಏರ್ಪಟ್ಟಿಲ್ಲ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ಇದನ್ನು ವಯೋಧರ್ಮವೆಂದು ಎಣಿಸಿ ಸುಮ್ಮನಾಗುತ್ತದೆ. ಬೇಂದ್ರೆಯವರು ಅದೇ ಮಾತನ್ನು ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಟ್ಟು, ಅರಳುವುದು ಮರಳುವುದು ಎಂಬ ಶ್ಲೇಷಕ್ಕೆ ಎಡೆಮಾಡಿದರು; ೧೯೫೮ರಲ್ಲಿ ಆ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ದೊರೆಯಿತು. ಕವಿಯ ಅರಳುಮರಳಿನಲ್ಲಿ ಮರಳುವಿಕೆಯುಂಟು. ರೋಗದಲ್ಲಿ ಅದಿಲ್ಲವಾದುದರಿಂದ, ಈ ಲೇಖನದಲ್ಲಿ ಮರೆವಿನ ರೋಗವೆಂಬ ಸಾಧಾರಣವಾದ ಮಾತನ್ನೇ ಬಳಸಿದೆ.

ಭಾರತದಲ್ಲಿ ೬೦ ವರ್ಷ ಮೀರಿದವರ ಪೈಕಿ ನೂರಕ್ಕೆ ೭.೪ ಮಂದಿ, ಎಂದರೆ ಸುಮಾರು ೮೮ ಲಕ್ಷ ಮಂದಿ, ಈ ರೋಗಕ್ಕೆ ಸಿಕ್ಕಿರುವರೆಂದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿಯಾದ ಒಂದು ಅಧ್ಯಯನವು ಅಂದಾಜು ಮಾಡಿದೆ. ಇವರಲ್ಲಿ ಬಹುತೇಕರ ಪಾಲನೆ ಮನೆಯಲ್ಲಿಯೇ ನಡೆಯತಕ್ಕದ್ದು. ಹೆಂಡತಿ, ಸೊಸೆ, ಮಗಳು, ಎಲ್ಲಿಯೋ ಒಮ್ಮೊಮ್ಮೆ ಮಗ, ಇವರೇ ಶುಶ್ರೂಷಕರು. ಇವರ ಸಹಾಯಕ್ಕೆಂದು ಇತ್ತೀಚಿನ ಮೂರು ನಾಲ್ಕು ದಶಕಗಳಲ್ಲಿ ಬಗೆಬಗೆಯ ಯಂತ್ರಗಳು ಹೊರಟಿವೆ. ಗುಳಿಗೆ ನುಂಗುವ ಹೊತ್ತಿಗೆ ಸದ್ದುಮಾಡುವ ಪೆಟ್ಟಿಗೆ, ಹಗಲೋ ಇರುಳೋ ಎಂಬುದನ್ನು ಅಕ್ಷರಗಳಲ್ಲಿ ತೋರಿಸುವ ಗಡಿಯಾರ, ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಹೇಳುವ ಪೆಟ್ಟಿಗೆ, ಮನೆ ಬಿಟ್ಟು ಹೊರಟವರು ಎಲ್ಲಿರುವರೆಂಬುದನ್ನು ತಿಳಿಸುವ ಜಿ.ಪಿ.ಎಸ್. ಕೈಪಟ್ಟಿ, ಬಾಗಿಲು ತೆರೆದಾಗ ಮೊಳಗುವ ಗಂಟೆ, ಒಲೆಯ ಅನಿಲವನ್ನು ತಾನಾಗಿ ನಿಲ್ಲಿಸುವ ಕೀಲು, ಮೊಬೈಲಿನಲ್ಲಿಯೂ ಅಂತರ್ಜಾಲದಲ್ಲಿಯೂ ದೊರೆಯುವ ಶಿಕ್ಷಣಗ್ರಂಥಗಳು, ಇತ್ಯಾದಿ. ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಗುಣವನ್ನು ಇವಕ್ಕೆ ಆರೋಪಿಸುವುದು ರೂಢಿಯಾಗಿದೆ. ಇದು ವಿಚಾರಾರ್ಹವಾದ ಸಂಗತಿ.

ಯಾವುದಾದರೊಂದು ಶಾಸ್ತ್ರವನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನೋಡತಕ್ಕದ್ದೆಂದು ಹಿರಿಯರು ಕಟ್ಟುಮಾಡಿದ್ದಾರೆ. ಯಂತ್ರಗಳಿಗೂ ಈ ಪರೀಕ್ಷೆ ಸಲ್ಲುವುದು. ಮೇಲೆ ಹೇಳಿದ ಸಾಧನಗಳಲ್ಲಿ ವಿಷಯವೂ ಪ್ರಯೋಜನವೂ ತಕ್ಕಮಟ್ಟಿಗೆ ಸ್ಪಷ್ಟವಾಗಿವೆ. ಅಧಿಕಾರಿ ಯಾರೆಂಬಲ್ಲಿ ಮಾತ್ರ ಗೊಂದಲವುಂಟು. ನೆನಪಿಸುವ ಪೆಟ್ಟಿಗೆ ಯಾರಿಗಾಗಿ? ರೋಗಿಗೋ, ರೋಗಿಯ ಸೊಸೆಗೋ? ಈ ಒಂದು ಪ್ರಶ್ನೆಯನ್ನು ಬಿಡಿಸದೆ ಹೋದುದರಿಂದಲೇ ಇವುಗಳ ವಿಷಯದಲ್ಲಿ ಅತಿಯಾದ ಆಸೆಯೂ ಅತಿಯಾದ ನಿರಾಸೆಯೂ ಹುಟ್ಟಿವೆ.

ಇದರ ವಿಚಾರಕ್ಕೆ ಸಾಹಿತ್ಯದ ವಿದ್ಯಾರ್ಥಿಗಳು ಎಲ್ಲರೂ ಬಲ್ಲ ಒಂದು ಕೃತಿಯು ಆಶ್ಚರ್ಯವಾಗುವಷ್ಟು ನೆರವಾಗುತ್ತದೆ. ಅದು ಕಾಳಿದಾಸನ ಅಭಿಜ್ಞಾನಶಾಕುಂತಲ. ಬಸವಪ್ಪ ಶಾಸ್ತ್ರಿಗಳ ಭಾಷಾಂತರದ ಮೂಲಕ ಕನ್ನಡಕ್ಕೂ ಸ್ವಂತವಾದ ನಾಟಕ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ರಾಜನು ಬಲ್ಲವನಾಗಿಯೇ ಅರಿಯೆನೆನ್ನುತ್ತಾನೆ. ನಿಜವಾದ ಮರೆವನ್ನೂ ಅದನ್ನು ಕಳೆಯುವ ಒಂದು ಸಾಧನವನ್ನೂ ಕಥೆಯೊಳಕ್ಕೆ ತಂದವನು ಕಾಳಿದಾಸ. ನೆನಪಿನ ಯಂತ್ರಗಳನ್ನು ಮಾರುವವರು ಈ ನಾಟಕವನ್ನು ಓದಿರಲಿ ಬಿಡಲಿ, ಅವರ ಮನಸ್ಸಿನಲ್ಲಿರುವ ಮಾದರಿಯು ದುಷ್ಯಂತನ ಉಂಗುರವೇ. ಮರೆತವನ ಕೈಗೆ ತಕ್ಕ ವಸ್ತುವನ್ನು ಇತ್ತರೆ ಮರೆವು ತೊಲಗುವುದೆಂಬುದು ಅವರ ಗ್ರಹಿಕೆ. ಉಂಗುರದ ದೃಷ್ಟಾಂತವು ಎಲ್ಲಿಯವರೆಗೆ ಸಲ್ಲುವುದೆಂಬುದನ್ನು ಮೊದಲು ನೋಡಬೇಕು.

ನೈಯಾಯಿಕರ ಮತದಲ್ಲಿ ಸ್ಮೃತಿಯೆಂಬುದು ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನ. ಅನುಭವವು ತಾನು ಅಳಿಯುವಾಗ ಆತ್ಮನಲ್ಲಿ ಭಾವನೆಯೆಂಬ ಸಂಸ್ಕಾರವನ್ನು ಬಿಟ್ಟುಹೋಗುತ್ತದೆ. ಅದು ನಿದ್ರಿಸುತ್ತಿರುವಂತೆ ಇದ್ದು, ಉದ್ಬೋಧಕವೊಂದು ಬಂದು ಎಬ್ಬಿಸಿದಾಗ ನೆನಪಾಗಿ ಏಳುತ್ತದೆ. ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಇಂತಹ ಉದ್ಬೋಧಕಗಳನ್ನು ಇಪ್ಪತ್ತಕ್ಕೆ ಮೇಲ್ಪಟ್ಟು ಎಣಿಸಿದ್ದಾರೆ. ಪ್ರಣಿಧಾನ, ಅಭ್ಯಾಸ, ಲಿಂಗ, ಸಾದೃಶ್ಯ, ಪರಿಗ್ರಹ, ಸಂಬಂಧ, ವಿಯೋಗ, ಸುಖ, ದುಃಖ, ಭಯ, ಇವು ಆ ಪಟ್ಟಿಯಲ್ಲಿ ಕೆಲವು. ಸಾದೃಶ್ಯಕ್ಕೆ ವಾತ್ಸ್ಯಾಯನನು ಕೊಟ್ಟಿರುವ ಉದಾಹರಣೆಯು ಚಿತ್ರದಲ್ಲಿರುವ ದೇವದತ್ತನದು. ಇಂದು ರೋಗಿಯ ಮುಂದೆ ಹಳೆಯ ಭಾವಚಿತ್ರಗಳನ್ನು ಒಂದೊಂದಾಗಿ ತೋರಿಸುವ ಫಲಕಕ್ಕೆ ಇದಕ್ಕಿಂತ ಹಳೆಯ ಲಕ್ಷಣವಾಕ್ಯ ದೊರೆಯಲಾರದು. ದುಷ್ಯಂತನ ಉಂಗುರವು ಪರಿಗ್ರಹವೆಂಬ ಉದ್ಬೋಧಕಕ್ಕೆ ಸೇರತಕ್ಕದ್ದು. ಒಡವೆಯಿಂದ ಒಡೆಯನ ನೆನಪು, ಒಡೆಯನಿಂದ ಒಡವೆಯ ನೆನಪು.

ದುಷ್ಯಂತನಲ್ಲಿ ಸಂಸ್ಕಾರವು ಅಳಿದಿರಲಿಲ್ಲ. ದುರ್ವಾಸನ ಶಾಪವು ಅದನ್ನು ಮುಚ್ಚಿತ್ತು ಅಷ್ಟೆ. ಮೀನಿನ ಹೊಟ್ಟೆಯಿಂದ ಹೊರಬಂದ ಉಂಗುರವನ್ನು ಕಂಡ ಕ್ಷಣದಲ್ಲಿ ಹಿಂದಿನದೆಲ್ಲವೂ ಒಂದು ಎಳೆಯೂ ಕಡಿಯದೆ ಎದ್ದುಬರುವುದು ಇದರಿಂದಲೇ. ಮರೆವಿನ ರೋಗದಲ್ಲಿ ಸ್ಥಿತಿಯೇ ಬೇರೆ. ಸಂಸ್ಕಾರನಾಶಕ್ಕೆ ಕಾಲ, ರೋಗ, ಚರಮಫಲ ಎಂಬ ಕಾರಣಗಳನ್ನು ಮುಕ್ತಾವಳಿಯಲ್ಲಿ ವಿಶ್ವನಾಥ ಪಂಚಾನನನು ಹೇಳಿರುವುದನ್ನು ತರ್ಕಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಪಾಠ ಹೇಳುವವರು ಆ ನಡುವಣ ಪದವನ್ನು ಸಾಮಾನ್ಯವಾಗಿ ಬೇಗನೆ ದಾಟಿಹೋಗುವರು. ರೋಗವು ಸಂಸ್ಕಾರವನ್ನು ಮುಚ್ಚುವುದಲ್ಲದೆ ಕೆಡಿಸಲೂ ಬಲ್ಲದೆಂಬುದು ಅಲ್ಲಿಯ ತಾತ್ಪರ್ಯ. ಸಂಸ್ಕಾರವು ಆತ್ಮನಲ್ಲಿರುವುದೋ ಮಿದುಳಿನಲ್ಲಿರುವುದೋ ಎಂಬ ವಿವಾದವು ಪ್ರಕೃತಕ್ಕೆ ಬೇಕಿಲ್ಲ. ಅದು ಕೆಟ್ಟಮೇಲೆ ಉದ್ಬೋಧಕಕ್ಕೆ ಎಬ್ಬಿಸಲು ಏನೂ ಉಳಿಯದೆಂಬಲ್ಲಿ ಎರಡು ಪಕ್ಷಗಳೂ ಒಂದೇ. ಇಷ್ಟೇ ಅಲ್ಲ. ಈ ರೋಗದಲ್ಲಿ ಹೊಸ ಅನುಭವವು ಸಂಸ್ಕಾರವನ್ನು ಬಿಡುವ ಶಕ್ತಿಯೇ ಮೊದಲು ಕುಂದತಕ್ಕದ್ದು. ಬೆಳಿಗ್ಗೆ ಉಂಡುದನ್ನು ಮಧ್ಯಾಹ್ನ ಅಲ್ಲಗಳೆಯುವ ಮುದುಕನು ಮರೆತಿದ್ದಾನೆನ್ನುವುದಕ್ಕಿಂತ, ಅವನಲ್ಲಿ ಆ ಊಟವು ಉಳಿಯಲೇ ಇಲ್ಲವೆನ್ನುವುದು ಸರಿ.

ಇಲ್ಲಿ ಒಂದು ಆಕ್ಷೇಪವುಂಟು. ರೋಗಿಯು ನಿನ್ನೆಯದನ್ನು ಮರೆತರೂ ಐವತ್ತು ವರ್ಷದ ಹಿಂದಿನದನ್ನು ಹೇಳುವನಲ್ಲವೆ. ಆದುದರಿಂದ ಹಳೆಯ ಚಿತ್ರ, ಹಳೆಯ ಹಾಡು, ಇವು ಉದ್ಬೋಧಕಗಳಾಗಲಾರವೆ? ಆಗಬಲ್ಲುವು. ಹಳೆಯ ಸಂಸ್ಕಾರಗಳೂ ಅಭ್ಯಾಸದಿಂದ ಬಲಿತ ಸಂಸ್ಕಾರಗಳೂ ಬಹುಕಾಲ ನಿಲ್ಲುತ್ತವೆ. ಮಗನ ಹೆಸರು ತಪ್ಪಿದ ಮೇಲೆಯೂ ಬೆರಳುಗಳು ಜಪಮಣಿಯನ್ನು ಎಣಿಸುವುದುಂಟು. ರೋಗದ ಮೊದಲ ಘಟ್ಟದಲ್ಲಿ ಗಡಿಯಾರ, ಗೋಡೆಯ ಮೇಲಿನ ಬರಹ, ಗುಳಿಗೆಯ ಪೆಟ್ಟಿಗೆ ಎಲ್ಲವೂ ಕೆಲಸಕ್ಕೆ ಬರುತ್ತವೆ. ಆದರೆ ಸ್ಮಾರಕಯಂತ್ರಗಳ ಅಧಿಕಾರವು ಆ ಘಟ್ಟಕ್ಕೆ ಮುಗಿಯುವುದೆಂಬುದನ್ನು ಅವುಗಳ ಪೆಟ್ಟಿಗೆಯ ಮೇಲೆ ಯಾರೂ ಅಚ್ಚುಹಾಕುವುದಿಲ್ಲ. ಗುಳಿಗೆಯ ಪೆಟ್ಟಿಗೆ ಕೂಗಿದಾಗ ಆ ಕೂಗು ಏತಕ್ಕೆಂಬ ಸಂಸ್ಕಾರವೂ ಬೇಕಲ್ಲವೆ? ಅದು ಹೋದಮೇಲೆ ಪೆಟ್ಟಿಗೆಯು ಅಡಿಗೆಯ ಮನೆಯಲ್ಲಿರುವವಳನ್ನು ಕರೆಯುತ್ತದೆಯೇ ಹೊರತು ರೋಗಿಯನ್ನಲ್ಲ.

ಐದನೆಯ ಅಂಕದಲ್ಲಿ ಉಂಗುರವು ಕಳೆದುಹೋಗಿದೆ. ಶಕ್ರಾವತಾರದ ಶಚೀತೀರ್ಥದಲ್ಲಿ ಅದು ಜಾರಿರಬೇಕೆಂದು ಗೌತಮಿಯು ಹೇಳುತ್ತಾಳೆ. ಆಗ ಶಕುಂತಲೆಯು ಮಾತಿನಿಂದಲೇ ನೆನಪಿಸಲು ಯತ್ನಿಸುತ್ತಾಳೆ. ದೀರ್ಘಾಪಾಂಗವೆಂಬ ಜಿಂಕೆಯ ಮರಿಯು ರಾಜನ ಕೈಯ ನೀರನ್ನು ಒಲ್ಲದೆ ತನ್ನ ಕೈಯಿಂದ ಕುಡಿದ ಸಂಗತಿಯನ್ನು ಹೇಳುತ್ತಾಳೆ. ಘಟನೆಯು ಸತ್ಯ, ವಿವರಗಳು ಸತ್ಯ, ಹೇಳುವವಳ ಹೃದಯವೂ ಸತ್ಯ. ಆದರೂ ರಾಜನಿಗೆ ಅದು ಹೆಂಗಸಿನ ಕಪಟವಾಗಿ ಕಾಣುತ್ತದೆ. ಅವಳು ಹೇಳಿದಷ್ಟೂ ಅವನ ಸಂಶಯ ಬಲಿಯುತ್ತದೆ. ಶಾರ್ಙ್ಗರವನು ಸಿಟ್ಟಾದಮೇಲಂತೂ ಮಾತು ಪೂರ್ಣವಾಗಿ ಕೆಡುತ್ತದೆ. ಮರೆವಿನ ರೋಗಿಯಿರುವ ಮನೆಗಳಲ್ಲಿ ಈ ಅಂಕವು ಪ್ರತಿದಿನವೂ ನಡೆಯತಕ್ಕದ್ದು. ನಾನು ಯಾರು ಹೇಳಿ, ನೆನ್ನೆ ಬಂದವರು ಯಾರು ಹೇಳಿ, ಆಗಲೇ ಹೇಳಿದೆನಲ್ಲ, ಎಂದು ಮನೆಯವರು ಪ್ರೀತಿಯಿಂದಲೇ ಪರೀಕ್ಷೆಗೆ ತೊಡಗುತ್ತಾರೆ. ರೋಗಿಯು ಮೊದಲು ಲಜ್ಜೆಗೂ ಬಳಿಕ ಕೋಪಕ್ಕೂ ಕಡೆಗೆ ಸಂಶಯಕ್ಕೂ ಒಳಗಾಗುತ್ತಾನೆ. ತನ್ನ ಹಣವನ್ನು ಸೊಸೆಯೇ ಕದ್ದಳೆಂದು ನೆರೆಯವರಿಗೆ ದೂರುವ ಮುದುಕಿಯ ಕಥೆ ಊರೂರಿನಲ್ಲಿಯೂ ಕೇಳಿಬರುತ್ತದೆ. ಪ್ರಶ್ನೆ ಕೇಳಿ ನೆನಪನ್ನು ಚುರುಕುಮಾಡುವ ಯಂತ್ರಗಳು ಹಲವು ಹೊರಟಿವೆ. ಮೊದಲ ಘಟ್ಟದಲ್ಲಿ ಅವು ವಿನೋದವಾಗಬಹುದು. ಮುಂದುವರಿದ ರೋಗದಲ್ಲಿ ಅವು ಮಾಡುವುದು ಶಾರ್ಙ್ಗರವನ ಕೆಲಸವನ್ನೇ.

ಇದೇ ಅಂಕದ ಆರಂಭದಲ್ಲಿ ಕವಿಯು ಇಟ್ಟಿರುವ ಇನ್ನೊಂದು ಸಂಗತಿಯು ಇದಕ್ಕಿಂತಲೂ ಮುಖ್ಯವಾದುದು. ಒಳಗಿನಿಂದ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ಅದನ್ನು ಕೇಳಿದ ರಾಜನಿಗೆ, ಇಷ್ಟಜನರ ಅಗಲಿಕೆಯೇನೂ ಇಲ್ಲದಿರುವಾಗಲೂ, ಕಾರಣವಿಲ್ಲದ ಕಳವಳ ಹುಟ್ಟುತ್ತದೆ. ಏಕೆಂದು ಅವನಿಗೇ ತಿಳಿಯದು. ಜನ್ಮಾಂತರದ ಸ್ನೇಹವಿರಬಹುದೆಂದು ತರ್ಕಿಸುತ್ತಾನೆ. ವ್ಯಾಖ್ಯಾನಕಾರರು ಇಲ್ಲಿ ವಾಸನೆಯ ವಿಚಾರವನ್ನು ಬೆಳೆಸುವರು. ಸರಳವಾಗಿ ಹೇಳುವುದಾದರೆ ವಿಷಯದ ನೆನಪು ಹೋಗಿದೆ, ಅದರ ಭಾವವು ಉಳಿದಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇದಕ್ಕೆ ಸರಿಯಾಗಿ ಹೊಂದುತ್ತದೆ. ಆಲ್ಝೈಮರ್ ರೋಗವುಳ್ಳ ೧೭ ಮಂದಿಗೆ ದುಃಖದ ಚಲಚ್ಚಿತ್ರಭಾಗಗಳನ್ನೂ ಸಂತೋಷದವನ್ನೂ ಬೇರೆಬೇರೆಯಾಗಿ ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ನೋಡಿದುದರ ನೆನಪು ಅವರಿಗೆ ಬಹುಮಟ್ಟಿಗೆ ಅಳಿಯಿತು. ದುಃಖವೂ ಸಂತೋಷವೂ ಮಾತ್ರ ಅಷ್ಟು ಬೇಗ ಅಳಿಯಲಿಲ್ಲ. ಬೆಳಿಗ್ಗೆ ಗದರಿಸಿದುದನ್ನು ಅವರು ಹೇಗೂ ಮರೆಯುತ್ತಾರೆಂದು ಸಮಾಧಾನಪಟ್ಟುಕೊಳ್ಳುವ ಮನೆಯವರು ಈ ಪ್ರಯೋಗವನ್ನು ತಿಳಿದಿರುವುದು ಒಳ್ಳೆಯದು. ಯಂತ್ರಗಳ ವಿಷಯದಲ್ಲಿಯೂ ಇದರಿಂದ ಒಂದು ನಿಯಮ ದೊರೆಯುತ್ತದೆ. ಕರ್ಕಶವಾಗಿ ಕೂಗಿ ಬೆಚ್ಚಿಬೀಳಿಸುವ ಗಂಟೆಯು ಏನನ್ನು ನೆನಪಿಸಿತೆಂಬುದು ರೋಗಿಗೆ ಉಳಿಯದು, ಆದರೆ ಹೆದರಿಕೆಯು ಉಳಿಯುತ್ತದೆ. ಹಳೆಯ ಹಾಡನ್ನು ಮೆಲ್ಲನೆ ಹಾಡುವ ಪೆಟ್ಟಿಗೆಯು ಏನನ್ನೂ ನೆನಪಿಸದಿದ್ದರೂ ವ್ಯರ್ಥವಲ್ಲ.

ಆರನೆಯ ಅಂಕದ ಚಿತ್ರಪಟದ ಪ್ರಸಂಗವು ಇನ್ನೂ ಸೂಕ್ಷ್ಮವಾದುದು. ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರವನ್ನು ನೋಡುತ್ತ ನೋಡುತ್ತ ಅದನ್ನೇ ನಿಜವೆಂದು ಬಗೆದು, ಅಲ್ಲಿ ಬರೆದಿದ್ದ ದುಂಬಿಯನ್ನು ಗದರಿಸತೊಡಗುತ್ತಾನೆ. ವಿದೂಷಕನು ಇದು ಚಿತ್ರವಷ್ಟೆ ಎನ್ನುತ್ತಾನೆ. ಆಗ ರಾಜನು ಅವನನ್ನು ಸ್ಮೃತಿಕಾರಿ ಎಂದು ದೂರುತ್ತಾನೆ. ತನ್ಮಯನಾಗಿ ಕಣ್ಣಾರೆ ಕಾಣುತ್ತಿದ್ದ ಪ್ರಿಯೆಯನ್ನು ಮತ್ತೆ ಚಿತ್ರವಾಗಿಸಿಬಿಟ್ಟೆಯೆಂಬುದು ಅವನ ದೂರು. ನೆನಪು ತರುವವನೆಂಬ ಮಾತು ಇಲ್ಲಿ ನಿಂದೆಯಾಗಿ ನಿಂತಿರುವುದನ್ನು ಗಮನಿಸಬೇಕು. ಸತ್ತ ತಾಯಿಯು ಇನ್ನೂ ಬಂದಿಲ್ಲವೇಕೆಂದು ಕೇಳುವ ಎಂಬತ್ತರ ಮುದುಕಿಗೆ ಸತ್ಯವನ್ನು ಹೇಳಿದರೆ ಆ ಸಾವು ಅವಳಿಗೆ ಆಗತಾನೆ ಸಂಭವಿಸಿದಂತಾಗುತ್ತದೆ. ನಾಳೆ ಕೇಳಿದರೆ ನಾಳೆಯೂ ಸಂಭವಿಸುತ್ತದೆ. ಶುಶ್ರೂಷಕರು ಬಹಳ ನೊಂದು ಕಲಿಯುವ ಪಾಠವಿದು. ಸುಳ್ಳು ಹೇಳಬೇಕೆಂದಲ್ಲ; ತಾಯಿಯ ಅಡಿಗೆ ಹೇಗಿರುತ್ತಿತ್ತೆಂದು ಕೇಳಿ ಮಾತನ್ನು ಹೊರಳಿಸಬಹುದು. ಕೇಳಿದ್ದಕ್ಕೆಲ್ಲ ತಪ್ಪಿಲ್ಲದ ಉತ್ತರ ಕೊಡುವುದೇ ಗುಣವೆಂದು ಕಟ್ಟಿರುವ ಮಾತಾಡುವ ಪೆಟ್ಟಿಗೆಗೆ ಈ ಹೊರಳಿಸುವಿಕೆಯನ್ನು ಕಲಿಸುವುದು ಸುಲಭವಲ್ಲ. ಒಂದು ವೇಳೆ ಕಲಿಸಿದರೂ, ಯಾವ ಮಾತಿನ ಹಿಂದೆ ಯಾವ ಹಂಬಲವಿದೆಯೆಂಬುದನ್ನು ಬಲ್ಲವರು ಮನೆಯವರೇ.

ಇಲ್ಲಿಯವರೆಗೆ ಹೇಳಿದುದು ಸ್ಮಾರಕಸಾಧನಗಳ ವಿಚಾರ. ನಾಟಕದಲ್ಲಿ ಇನ್ನೊಂದು ಆಭರಣವೂ ಇದೆ. ಉಂಗುರದ ಗಲಾಟೆಯಲ್ಲಿ ಅದನ್ನು ಯಾರೂ ಎಣಿಸುವುದಿಲ್ಲ. ಏಳನೆಯ ಅಂಕದಲ್ಲಿ ಬಾಲಕನಾದ ಸರ್ವದಮನನ ಮಣಿಕಟ್ಟಿನಲ್ಲಿ ಅಪರಾಜಿತೆಯೆಂಬ ಮೂಲಿಕೆಯ ರಕ್ಷೆಯಿದೆ. ಜಾತಕರ್ಮದ ಸಮಯದಲ್ಲಿ ಮಾರೀಚನು ಕೊಟ್ಟುದು ಅದು. ನೆಲಕ್ಕೆ ಬಿದ್ದ ಅದನ್ನು ತಂದೆತಾಯಿಗಳೂ ತಾನೂ ಹೊರತು ಬೇರೆಯವರು ಮುಟ್ಟಿದರೆ ಹಾವಾಗಿ ಕಚ್ಚುವುದು. ಸಿಂಹದ ಮರಿಯೊಡನೆ ಸೆಣಸುವಾಗ ಅದು ಕಳಚಿಬಿದ್ದುದನ್ನು ತಾಪಸಿಯರು ಕಂಡು ಗಾಬರಿಯಾಗುತ್ತಾರೆ. ಉಂಗುರಕ್ಕೂ ಇದಕ್ಕೂ ಇರುವ ಭೇದವು ಸ್ಪಷ್ಟ. ಉಂಗುರವು ಕೆಲಸಮಾಡಬೇಕಾದರೆ ನೋಡುವವನಲ್ಲಿ ಸಂಸ್ಕಾರವಿರಬೇಕು. ರಕ್ಷೆಗೆ ಧರಿಸಿದವನ ತಿಳಿವಳಿಕೆಯ ಹಂಗೇ ಇಲ್ಲ. ಅದರ ವೃತ್ತಾಂತವನ್ನು ತಿಳಿದು ಎಚ್ಚರವಾಗಿರಬೇಕಾದವರು ತಾಪಸಿಯರು. ಬಾಗಿಲ ಗಂಟೆ, ಜಿ.ಪಿ.ಎಸ್. ಕೈಪಟ್ಟಿ, ಅನಿಲ ನಿಲ್ಲಿಸುವ ಕೀಲು, ಇವು ರಕ್ಷೆಯ ವರ್ಗದವು. ಇವುಗಳ ಅಧಿಕಾರಿಯು ಪಾಲಕನೇ ಎಂಬುದರಲ್ಲಿ ಸಂದೇಹವಿಲ್ಲವಾದುದರಿಂದ, ರೋಗವು ಬಲಿತಷ್ಟೂ ಇವುಗಳ ಉಪಯೋಗವು ಹೆಚ್ಚಬೇಕು.

ಹೆಚ್ಚಬೇಕು ಎಂಬುದು ತರ್ಕ. ಅನುಭವವು ಅಷ್ಟು ಉದಾರವಾಗಿಲ್ಲ. ಇಂಗ್ಲೆಂಡಿನಲ್ಲಿ ಅಟಿಲ್ಲಾ ಎಂಬ ಹೆಸರಿನಿಂದ ನಡೆದ ಪರೀಕ್ಷೆಯಲ್ಲಿ ೪೯೫ ಮಂದಿ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಮಾಡಿ, ಒಂದಕ್ಕೆ ಅಗತ್ಯಕ್ಕೆ ತಕ್ಕಂತೆ ಬಗೆಬಗೆಯ ಸಹಾಯಕಯಂತ್ರಗಳನ್ನೂ ದೂರದಿಂದ ನೋಡಿಕೊಳ್ಳುವ ಏರ್ಪಾಡನ್ನೂ, ಇನ್ನೊಂದಕ್ಕೆ ಹೊಗೆಯ ಎಚ್ಚರಿಕೆಯ ಗಂಟೆ ಮೊದಲಾದ ಅತಿ ಸಾಮಾನ್ಯವಾದವನ್ನೂ ಒದಗಿಸಿದರು. ೧೦೪ ವಾರಗಳವರೆಗೆ ನೋಡಲಾಗಿ, ರೋಗಿಗಳು ಮನೆಯಲ್ಲಿಯೇ ಉಳಿದ ಕಾಲದಲ್ಲಿ ಎರಡು ಗುಂಪುಗಳಿಗೂ ಭೇದ ಕಾಣಲಿಲ್ಲ. ಶುಶ್ರೂಷಕರ ಭಾರವೂ ಇಳಿಯಲಿಲ್ಲವೆಂದು ೨೦೨೧ರ ವರದಿಯು ಹೇಳುತ್ತದೆ. ಇದರಿಂದ ಬಾಗಿಲ ಗಂಟೆಯನ್ನು ಕಿತ್ತೆಸೆಯಬೇಕೆಂದು ಸಿದ್ಧವಾಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆದು ಹೊರಟ ಮಾವನನ್ನು ಕೆರೆಯ ದಾರಿಯಲ್ಲಿ ಹುಡುಕುವುದಕ್ಕಿಂತ ಹೊಸ್ತಿಲಲ್ಲಿಯೇ ತಡೆಯುವುದು ಎಷ್ಟೋ ಮೇಲು. ಆದರೆ ಗಂಟೆಯು ಎಬ್ಬಿಸುವುದು ಅದೇ ಸೊಸೆಯನ್ನು. ಯಂತ್ರವು ಸುದ್ದಿಯನ್ನು ಮುಟ್ಟಿಸುತ್ತದೆ. ಎದ್ದುಹೋಗಿ ಕೈಹಿಡಿದು ಕರೆತಂದು ಮಲಗಿಸುವ ಕೆಲಸವು ಇದ್ದಲ್ಲಿಯೇ ಇರುತ್ತದೆ. ಭಾರವು ಇಳಿಯದಿದ್ದುದಕ್ಕೆ ಇದೇ ಕಾರಣವೆಂದು ಆ ವರದಿಯು ಹೇಳಿಲ್ಲವಾದರೂ, ಒಂದು ರಾತ್ರಿ ಇಂತಹ ಮನೆಯಲ್ಲಿ ಕಳೆದವರಿಗೆ ಬೇರೆ ಕಾರಣವನ್ನು ಹುಡುಕಬೇಕೆಂದು ತೋರುವುದಿಲ್ಲ.

ಮೂರನೆಯ ವರ್ಗವು ಉಪದೇಶಕಸಾಧನಗಳದು. ಇವುಗಳಲ್ಲಿ ಗಣ್ಯವಾದುದು ವಿಶ್ವ ಆರೋಗ್ಯ ಸಂಸ್ಥೆಯು ಶುಶ್ರೂಷಕರಿಗಾಗಿಯೇ ರಚಿಸಿ ೨೦೧೯ರಲ್ಲಿ ಪ್ರಕಟಿಸಿದ ಐಸಪೋರ್ಟ್ ಎಂಬ ಶಿಕ್ಷಣಗ್ರಂಥ. ಅದು ಅಂತರ್ಜಾಲದ ಮೂಲಕವೂ ಪುಸ್ತಕರೂಪದಲ್ಲಿಯೂ ದೊರೆಯುತ್ತದೆ. ಇದರಲ್ಲಿ ಐದು ಪ್ರಕರಣಗಳೂ ೨೩ ಪಾಠಗಳೂ ಇವೆ. ರೋಗದ ಸ್ವರೂಪಕ್ಕೆ ಒಂದೇ ಪಾಠ. ನಡವಳಿಕೆಯ ವಿಕಾರಗಳನ್ನು ಎದುರಿಸುವುದಕ್ಕೆ ಹತ್ತು. ಈ ವಿಷಮತೆಯೇ ಗ್ರಂಥಕಾರರು ಮನೆಯ ಸ್ಥಿತಿಯನ್ನು ಬಲ್ಲರೆಂಬುದಕ್ಕೆ ಸಾಕ್ಷಿ. ಹೇಳಿದ್ದನ್ನೇ ಹೇಳುವುದು, ನಿದ್ರೆಗೇಡು, ಸಂಶಯ, ಅಲೆದಾಡಿ ದಾರಿತಪ್ಪುವುದು, ಇವೊಂದೊಂದಕ್ಕೂ ಬೇರೆ ಪಾಠವುಂಟು. ಒಂದು ಸಣ್ಣ ಪ್ರಸಂಗವನ್ನು ಮುಂದಿಟ್ಟು, ಇಲ್ಲಿ ಏನು ಮಾಡಬೇಕೆಂದು ಕೇಳಿ, ಓದುಗನ ಉತ್ತರಕ್ಕೆ ತಕ್ಕ ಮರುನುಡಿಯನ್ನು ಕೊಡುವುದು ಇದರ ಕ್ರಮ. ಪಾಠಶಾಲೆಯ ವಾಕ್ಯಾರ್ಥಕ್ಕೆ ಇದು ದೂರದ ಬಂಧುವೆನ್ನಬಹುದು. ನಡುವಣ ಪ್ರಕರಣವು ರೋಗಿಯನ್ನು ಬಿಟ್ಟು ಶುಶ್ರೂಷಕನ ಆಯಾಸ, ಮನಃಖೇದ, ವಿಶ್ರಾಂತಿಗಳನ್ನೇ ವಿಷಯವಾಗಿ ಹಿಡಿದಿರುವುದು ವಿಶೇಷ. ಅಧಿಕಾರಿ ಯಾರೆಂಬಲ್ಲಿ ಈ ಗ್ರಂಥಕ್ಕೆ ಸಂದೇಹವೇ ಇಲ್ಲ.

ಆದರೂ ಅಧಿಕಾರಿಯ ಪ್ರಶ್ನೆಯು ಮತ್ತೊಂದು ರೂಪದಲ್ಲಿ ಮರಳಿ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಸೇರಿ ಈ ಗ್ರಂಥವನ್ನು ಭಾರತದ ಮನೆಗಳಿಗೆ ಒಗ್ಗುವಂತೆ ಮಾರ್ಪಡಿಸಿ ಪರೀಕ್ಷಿಸಿದರು. ಅದರ ಫಲವು ೨೦೨೧ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಸೇರಿದ ಶುಶ್ರೂಷಕರು ೧೫೧. ಮೂರು ತಿಂಗಳ ಕಡೆಯವರೆಗೆ ಉಳಿದವರು ೫೫. ರೋಗಿಯನ್ನು ರೋಗವೆಂದು ನೋಡದೆ ವ್ಯಕ್ತಿಯೆಂದು ನೋಡುವ ಮನೋಭಾವವು ಪಾಠ ಓದಿದವರಲ್ಲಿ ಹೆಚ್ಚಿತು. ಮನಃಖೇದವೂ ಭಾರವೂ ಗಣನೀಯವಾಗಿ ಇಳಿಯಲಿಲ್ಲ. ವಿಷಯವು ಒಳ್ಳೆಯದು, ಪ್ರಯೋಜನವು ಒಳ್ಳೆಯದು. ಆದರೆ ಓದುವ ಅಧಿಕಾರಕ್ಕೆ ಬೇಕಾದ ಮೊದಲ ಸಂಪತ್ತಾದ ಬಿಡುವು ಯಾರಲ್ಲಿಲ್ಲವೋ ಅವರಿಗಾಗಿಯೇ ಇದನ್ನು ಬರೆದಿದೆ. ೨೩ ಪಾಠಗಳನ್ನು ಕ್ರಮವಾಗಿ ಓದಬಲ್ಲ ಸೊಸೆಯಿದ್ದರೆ ಆ ಮನೆಯಲ್ಲಿ ಮಾವನ ಬಳಿ ಕುಳಿತಿರಲು ಮತ್ತೊಬ್ಬರಿದ್ದಾರೆಂದೇ ಅರ್ಥ. ಹಾಗೆ ಮತ್ತೊಬ್ಬರಿದ್ದ ಮನೆಗೆ ಗ್ರಂಥದ ಅಗತ್ಯವು ಅರ್ಧ ಕಡಮೆ. ಇದು ಗ್ರಂಥಕಾರರ ದೋಷವಲ್ಲ. ಇತರರನ್ನು ಕೆಲಸದಲ್ಲಿ ಸೇರಿಸಿಕೊಳ್ಳಬೇಕೆಂದು ಒಂದು ಪಾಠವನ್ನೇ ಅವರು ಇಟ್ಟಿ‌ದ್ದಾರೆ. ಆದರೆ ಬಾರದ ಮೈದುನನನ್ನು ಪಾಠವು ಕರೆತರಲಾರದು.

ಇದಕ್ಕೆ ಪ್ರತಿಯಾಗಿ ಇಡಬಹುದಾದುದು ಒಂದು ಹಳೆಯ ಯಂತ್ರ, ಟೆಲಿಫೋನು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಮೇರಿ ಮಿಟಲ್ಮನ್ ಎಂಬ ವಿದುಷಿಯ ಮುಂದಾಳುತನದಲ್ಲಿ, ಪತಿಯನ್ನೋ ಪತ್ನಿಯನ್ನೋ ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ೪೦೬ ಮಂದಿಯ ವಿಷಯದಲ್ಲಿ ಬಹುಕಾಲದ ಪರೀಕ್ಷೆ ನಡೆಯಿತು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತನಾಡುವುದು, ಅವರ ಮನೆಯ ಇತರರನ್ನೂ ಕರೆಸಿ ಕೂರಿಸುವುದು, ಸಮಾನದುಃಖಿಗಳ ಗುಂಪಿಗೆ ಸೇರಿಸುವುದು, ಬೇಕಾದಾಗ ಟೆಲಿಫೋನಿನಲ್ಲಿ ಸಲಹೆ ಕೊಡುವುದು, ಇಷ್ಟೇ ಅಲ್ಲಿಯ ಉಪಾಯ. ಇದನ್ನು ಪಡೆದವರ ರೋಗಿಗಳು ಪಡೆಯದವರ ರೋಗಿಗಳಿಗಿಂತ ಮಧ್ಯಮಾನದಲ್ಲಿ ೫೫೭ ದಿನ ಹೆಚ್ಚಾಗಿ ಮನೆಯಲ್ಲಿಯೇ ಉಳಿದರೆಂದು ೨೦೦೬ರಲ್ಲಿ ಪ್ರಕಟವಾಯಿತು. ಅದೇ ವರ್ಷ ಹೊರಬಂದ ರೀಚ್ ಎಂಬ ಪರೀಕ್ಷೆಯ ಎರಡನೆಯ ಘಟ್ಟದಲ್ಲಿ, ಅಮೆರಿಕದ ಐದು ಊರುಗಳ ೬೪೨ ಶುಶ್ರೂಷಕರನ್ನು ತೆಗೆದುಕೊಂಡು, ಅವರಲ್ಲಿ ಒಂದು ಭಾಗದವರ ಮನೆಗೆ ಹೋಗಿಯೂ ಟೆಲಿಫೋನಿನಲ್ಲಿಯೂ ಸಹಾಯ ಕೊಟ್ಟರು. ಅಲ್ಲಿಯೂ ಹಲವು ವರ್ಗಗಳವರ ಜೀವನವು ಸುಧಾರಿಸಿದುದು ಕಂಡಿತು. ಅಟಿಲ್ಲಾ ಪರೀಕ್ಷೆಯ ಯಂತ್ರಗಳೆಲ್ಲ ಸೇರಿ ಸಾಧಿಸದಿದ್ದುದನ್ನು ಮಾತು ಸಾಧಿಸಿತೆನ್ನುವಾಗ, ದೇಶಕಾಲಗಳೂ ಜನರೂ ಬೇರೆಯೆಂಬ ಎಚ್ಚರಿಕೆ ಬೇಕು. ಎಚ್ಚರಿಕೆಯನ್ನು ಇಟ್ಟುಕೊಂಡು ನೋಡಿದರೂ ಒಲವು ಯಾವ ಕಡೆಗೆಂಬುದು ಕಾಣದಿರದು.

ಶುಶ್ರೂಷೆ ಎಂಬ ಶಬ್ದವು ಶ್ರು ಧಾತುವಿನ ಸನ್ನಂತದಿಂದ ಬಂದುದು. ಕೇಳುವ ಇಚ್ಛೆಯೆಂಬುದು ಅದರ ಯೌಗಿಕಾರ್ಥ. ಗುರುವಿನ ಮಾತನ್ನು ಕೇಳಬಯಸುವವನು ಹತ್ತಿರವಿದ್ದು ಸೇವೆಮಾಡುವನಾದುದರಿಂದ ಸೇವೆಯೆಂಬ ಅರ್ಥವು ರೂಢವಾಯಿತು. ನೋಡುವ ಯಂತ್ರಗಳೂ ಕೂಗುವ ಯಂತ್ರಗಳೂ ಬೇಕಾದಷ್ಟಿವೆ. ಕೇಳುವುದಕ್ಕೆ ಒಬ್ಬರನ್ನು ಒದಗಿಸುವ ಯಂತ್ರವೆಂದರೆ ಟೆಲಿಫೋನು. ಅದು ಶುಶ್ರೂಷಕಳಿಗೇ ಶುಶ್ರೂಷೆಯನ್ನು ತಂದುಕೊಡುತ್ತದೆ. ೨೦೨೨ರ ಅಕ್ಟೋಬರಿನಲ್ಲಿ ಭಾರತಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯು, ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿದವರ ಮನಸ್ಸಿನ ತೊಂದರೆಯನ್ನು ಅವರವರ ಭಾಷೆಯಲ್ಲಿ ಕೇಳುವ ಏರ್ಪಾಡು. ಮರೆವಿನ ರೋಗಕ್ಕೆಂದೇ ಹುಟ್ಟಿದುದಲ್ಲವಾದರೂ, ಈ ಮನೆಗಳ ಹೆಂಗಸರು ಅದನ್ನು ಬಳಸಬಾರದೆಂಬ ನಿಯಮವೇನೂ ಇಲ್ಲ.

ನಾಟಕಕ್ಕೆ ಮರಳುವುದಾದರೆ, ಉಂಗುರವು ಕಳೆದ ಹೊತ್ತಿನಲ್ಲಿಯೂ ದುಷ್ಯಂತನ ನೆನಪು ಲೋಕದಿಂದ ಪೂರ್ತಿಯಾಗಿ ಅಳಿದಿರಲಿಲ್ಲ. ಅದು ವಿದೂಷಕನಲ್ಲಿತ್ತು. ಎರಡನೆಯ ಅಂಕದಲ್ಲಿ ರಾಜನು ಅವನಿಗೆ ಎಲ್ಲವನ್ನೂ ಹೇಳಿ, ಕಡೆಗೆ ಅದೆಲ್ಲ ಪರಿಹಾಸವೆಂದುಬಿಟ್ಟನು. ಐದನೆಯ ಅಂಕದಲ್ಲಿ ಹಂಸಪದಿಕೆಯನ್ನು ಸಮಾಧಾನಪಡಿಸಲು ಅವನನ್ನು ಒಳಕ್ಕೆ ಕಳುಹಿಸಿದನು. ಶಕುಂತಲೆಯು ಬಂದುದು ಆ ಬಳಿಕ. ಆರನೆಯ ಅಂಕದಲ್ಲಿ ರಾಜನೇ ಇದನ್ನು ಎತ್ತಿ ಆಡುತ್ತಾನೆ. ನಿರಾಕರಿಸಿದ ವೇಳೆಯಲ್ಲಿ ನೀನು ಹತ್ತಿರವಿರಲಿಲ್ಲ. ಅದಕ್ಕೆ ಮುಂಚೆಯಾದರೂ ಅವಳ ಹೆಸರನ್ನೇಕೆ ಎತ್ತಲಿಲ್ಲ, ನನ್ನಂತೆ ನೀನೂ ಮರೆತೆಯಾ, ಎಂದು ಕೇಳುತ್ತಾನೆ. ಮರೆಯಲಿಲ್ಲ, ಪರಿಹಾಸವೆಂದ ಮಾತನ್ನು ನಂಬಿದೆ, ಎಂಬುದು ವಿದೂಷಕನ ಉತ್ತರ. ಮರೆತವನ ಪಾಲಿನ ನೆನಪನ್ನು ಮತ್ತೊಬ್ಬನು ಹೊತ್ತಿರಬಹುದು. ಆದರೆ ಅವನಿಗೆ ನಿಜವನ್ನು ತಿಳಿಸಿರಬೇಕು, ಬೇಕಾದ ಹೊತ್ತಿನಲ್ಲಿ ಅವನು ಅಲ್ಲಿರಬೇಕು. ವೈದ್ಯರು ರೋಗದ ಹೆಸರನ್ನು ಮೊದಲೇ ಬಾಯಿಬಿಟ್ಟು ಹೇಳಬೇಕೆಂಬುದಕ್ಕೂ, ಅರಳುಮರಳೆಂದು ನಕ್ಕು ಕಳೆಯಬಾರದೆಂಬುದಕ್ಕೂ ಇದಕ್ಕಿಂತ ಮೇಲಾದ ನಿದರ್ಶನವನ್ನು ಕಾವ್ಯದಲ್ಲಿ ಕಾಣುವುದು ಕಷ್ಟ.

ರಕ್ಷೆಯ ದೃಷ್ಟಾಂತದಲ್ಲಿ ಒಂದು ಕೊರತೆಯುಂಟು, ಅದನ್ನು ಮರೆಮಾಡಬಾರದು. ಸರ್ವದಮನನು ಮಗು. ಅವನ ಒಪ್ಪಿಗೆಯನ್ನು ಮಾರೀಚನು ಕೇಳಬೇಕಾಗಿರಲಿಲ್ಲ. ಎಪ್ಪತ್ತೈದು ವರ್ಷ ತನ್ನ ಕಾಲಮೇಲೆ ತಾನು ನಿಂತು, ಊರಿಗೆ ನ್ಯಾಯ ಹೇಳಿದ ಹಿರಿಯನ ಕೈಗೆ, ಅವನು ಎಲ್ಲಿ ಹೋದರೂ ಸುದ್ದಿ ಕೊಡುವ ಪಟ್ಟಿಯನ್ನು ಮಗನು ಕಟ್ಟುವುದು ಅಂತಹ ಕೆಲಸವಲ್ಲ. ಎಷ್ಟೋ ಮಂದಿ ಅದನ್ನು ಕಿತ್ತು ಬಿಸಾಡುವುದಕ್ಕೆ ಮರೆವೊಂದೇ ಕಾರಣವಾಗಿರಲಾರದು. ಐಸಪೋರ್ಟ್ ಗ್ರಂಥದಲ್ಲಿ, ರೋಗಿಯೂ ನಿರ್ಣಯದಲ್ಲಿ ಪಾಲುಗೊಳ್ಳುವಂತೆ ನೆರವಾಗುವುದು ಹೇಗೆಂಬುದಕ್ಕೆ ಎರಡನೆಯ ಪ್ರಕರಣದಲ್ಲಿ ಒಂದು ಪಾಠವಿದೆ. ಭಾರತದ ೨೦೧೭ರ ಮಾನಸಿಕ ಆರೋಗ್ಯ ಅಧಿನಿಯಮವು ನೆನಪಿನ ಗುರುತರವಾದ ವಿಕಾರವನ್ನೂ ತನ್ನ ಲಕ್ಷಣದೊಳಗೆ ಸೇರಿಸಿಕೊಂಡು, ತನ್ನನ್ನು ಮುಂದೆ ಹೇಗೆ ನೋಡಿಕೊಳ್ಳಬೇಕೆಂಬುದನ್ನು ವಯಸ್ಕನಾದ ಯಾವನಾದರೂ ಮುಂಚಿತವಾಗಿ ಬರೆದಿಡಬಹುದೆಂದು ಅವಕಾಶ ಕೊಟ್ಟಿದೆ. ರೋಗದ ಮೊದಲ ಘಟ್ಟದಲ್ಲಿ, ಗುಳಿಗೆಯ ಪೆಟ್ಟಿಗೆಯ ಕೂಗು ಏತಕ್ಕೆಂದು ತಿಳಿಯುವಷ್ಟು ಸಂಸ್ಕಾರವು ಇನ್ನೂ ಉಳಿದಿರುವಾಗಲೇ, ಕೈಪಟ್ಟಿಯ ಮಾತನ್ನೂ ಅವನೊಡನೆ ಎತ್ತಿ, ಬೇಕೆಂದನೋ ಬೇಡವೆಂದನೋ ಅದನ್ನು ಬರೆದಿಡಬಹುದು.